ಕಡಲ ತುದಿಯಲ್ಲಿ ಹಕ್ಕಿಗಳ ಲೆಕ್ಕ

ನಿಮ್ಮ ಶಾಲೆಯ ಅಟ್ಲಾಸಿನಲ್ಲಿ ಉತ್ತರ ಅಮೆರಿಕದ ಪುಟ ತೆರೆಯಿರಿ. ಪೂರ್ವಕ್ಕೆ ಅಟ್ಲಾಂಟಿಕ್ ತೀರದಲ್ಲಿ ನ್ಯೂಯಾರ್ಕ್ ನಗರವನ್ನು ಗುರುತಿಸಿ, ಅಲ್ಲಿಂದ ಬೆರಳನ್ನು ದಕ್ಷಿಣಕ್ಕೆ ಜಾರಿಸುತ್ತ ಬನ್ನಿ. ನ್ಯೂಜರ್ಸಿ ರಾಜ್ಯ ಕೆಳಕೆಳಗೆ ಕಿರಿದಾಗುತ್ತ ಹೋಗಿ ಒಂದು ಮೊನೆಯಲ್ಲಿ ಮುಗಿಯುತ್ತದೆ. ಒಂದು ಬದಿಗೆ ಡೆಲವೇರ್ ಕೊಲ್ಲಿ, ಇನ್ನೊಂದು ಬದಿಗೆ ಮಹಾಸಾಗರ. ಈ ಮೊನೆಯ ಹೆಸರು ಕೇಪ್ ಮೇ. ಪ್ರತಿವರ್ಷ ಸೆಪ್ಟೆಂಬರ್ 1ರಿಂದ ನವೆಂಬರ್ 30ರವರೆಗೆ ಇಲ್ಲಿ ಒಂದು ಮರದ ಅಟ್ಟಣೆಯ ಮೇಲೆ ಬೈನಾಕ್ಯುಲರ್ ಹಿಡಿದು ಒಬ್ಬರು ನಿಂತಿರುತ್ತಾರೆ. ಮೇಲೆ ಹಾದುಹೋಗುವ ಗಿಡುಗ, ಡೇಗೆ, ಹದ್ದುಗಳನ್ನು ಒಂದೊಂದಾಗಿ ಎಣಿಸಿ ಬರೆದಿಡುವುದೇ ಅವರ ಕೆಲಸ.

ಇದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗಂತೂ ಇದು ಕಷ್ಟದ ವಿಷಯ. ಮೂರು ತಿಂಗಳು ಒಂದೇ ಕಡೆ ನಿಂತು ಆಕಾಶ ನೋಡುವ ಮನುಷ್ಯನನ್ನು ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ತೋರಿಸುವುದು ಹೇಗೆ? ಆದರೆ ಇಂಥ ಲೆಕ್ಕದ ಪುಸ್ತಕಗಳ ಹಿಂದೆ ದೊಡ್ಡದೊಂದು ಇತಿಹಾಸವಿದೆ. ಒಂದು ಹಕ್ಕಿಯ ಜಾತಿಯೇ ಅಳಿದುಹೋಗುತ್ತಿದೆ ಎಂದು ಜಗತ್ತಿಗೆ ಮನವರಿಕೆ ಮಾಡಿಕೊಡಲು ನೆರವಾದದ್ದು ಇಂಥದೇ ಒಂದು ಲೆಕ್ಕ.

ಮೊದಲು ಹಕ್ಕಿಗಳು ಈ ಮೊನೆಗೇ ಏಕೆ ಬರುತ್ತವೆ ಎಂಬುದನ್ನು ನೋಡೋಣ. ಬೇಟೆಹಕ್ಕಿಗಳು ದೂರ ಪ್ರಯಾಣದಲ್ಲಿ ಆದಷ್ಟು ರೆಕ್ಕೆ ಬಡಿಯದೆ ಶಕ್ತಿ ಉಳಿಸುತ್ತವೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯಲ್ಲಿ ಸುತ್ತುತ್ತ ಏರಿ, ಅಲ್ಲಿಂದ ಮುಂದಕ್ಕೆ ತೇಲುತ್ತವೆ. ಸಮುದ್ರದ ನೀರು ನೆಲದಂತೆ ಬೇಗ ಕಾಯುವುದಿಲ್ಲ. ಅದರ ಮೇಲೆ ಈ ಆಸರೆ ಸಿಗದು. ಶರತ್ಕಾಲದಲ್ಲಿ ಶೀತಗಾಳಿಯ ಅಲೆಯೊಂದು ಹಾದುಹೋದ ಮೇಲೆ ವಾಯವ್ಯದಿಂದ ಗಾಳಿ ಬೀಸುತ್ತದೆ. ದಕ್ಷಿಣಕ್ಕೆ ಹೊರಟ ಹಕ್ಕಿಗಳನ್ನು, ಅದರಲ್ಲೂ ಆ ವರ್ಷವೇ ಹುಟ್ಟಿದ ಅನುಭವವಿಲ್ಲದ ಮರಿಗಳನ್ನು, ಅದು ಕಡಲ ಕಡೆಗೆ ತಳ್ಳುತ್ತದೆ. ನೀರು ಕಂಡೊಡನೆ ಅವು ದಡವನ್ನೇ ಹಿಡಿದು ಕೆಳಕ್ಕೆ ಸಾಗುತ್ತವೆ. ಕೊನೆಗೆ ಕೇಪ್ ಮೇ ಮೊನೆಯಲ್ಲಿ ನೆಲ ಮುಗಿಯುತ್ತದೆ. ಎದುರಿಗೆ ಸುಮಾರು 18 ಕಿಲೋಮೀಟರ್ ಅಗಲದ ಕೊಲ್ಲಿ. ದಾಟುವುದೋ, ಹಿಂದಿರುಗುವುದೋ ಎಂದು ಹಕ್ಕಿಗಳು ಅಲ್ಲೇ ಸುಳಿದಾಡುತ್ತವೆ. ಇಡೀ ಪ್ರದೇಶದ ಹಕ್ಕಿಗಳನ್ನು ಒಂದು ಆಲಿಕೆಯಲ್ಲಿ ಸುರಿದಂತೆ ಆಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಆಲಿಕೆಯ ಬಾಯಲ್ಲಿ ಕಾದು ನಿಂತವರ ಕೈಯಲ್ಲಿ ಇದ್ದದ್ದು ಬಂದೂಕು. ಕೆಲವರು ಅಡುಗೆಗೆಂದು, ಹಲವರು ಬರಿಯ ಮೋಜಿಗೆಂದು ಗಿಡುಗಗಳನ್ನು ಹೊಡೆದುರುಳಿಸುತ್ತಿದ್ದರು. ಗಿಡುಗ ಎಂದರೆ ಕೋಳಿ ಕದಿಯುವ ಕಳ್ಳ, ಅದನ್ನು ಕೊಂದಷ್ಟೂ ಪುಣ್ಯ ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ವಲಸೆ ಹಕ್ಕಿಗಳ ರಕ್ಷಣೆಗೆ ಅಮೆರಿಕ 1918ರಲ್ಲೇ ಕಾನೂನು ಮಾಡಿತ್ತು. ಆದರೆ ಬೇಟೆಹಕ್ಕಿಗಳಿಗೆ ಅದರಲ್ಲಿ ಜಾಗವಿರಲಿಲ್ಲ.

ಕೇಪ್ ಮೇಯಿಂದ ಒಳನಾಡಿಗೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಪೆನ್ಸಿಲ್ವೇನಿಯದ ಬೆಟ್ಟಸಾಲಿನ ಮೇಲೂ ಇದೇ ಕತೆ. ಬೆಟ್ಟಕ್ಕೆ ಬಡಿದು ಮೇಲೇಳುವ ಗಾಳಿಯನ್ನು ಹಿಡಿದು ಹಕ್ಕಿಗಳು ಸಾಲಿನುದ್ದಕ್ಕೂ ಸಾಗುತ್ತಿದ್ದವು. ಬಂದೂಕುಗಳು ಬಂಡೆಗಳ ಮೇಲೆ ಕಾಯುತ್ತಿದ್ದವು. ಗೋಸ್‌ಹಾಕ್ ಎಂಬ ಗಿಡುಗವನ್ನು ಕೊಂದು ತಂದವರಿಗೆ ಆ ರಾಜ್ಯ 1929ರಲ್ಲಿ ತಲೆಗೆ 5 ಡಾಲರ್ ಇನಾಮು ಘೋಷಿಸಿತ್ತು. 1932ರಲ್ಲಿ ರಿಚರ್ಡ್ ಪೌ ಎಂಬ ಯುವಕ ಅಲ್ಲಿ ಸತ್ತುಬಿದ್ದ ಗಿಡುಗಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಫೋಟೋ ತೆಗೆದ. ಆ ಚಿತ್ರಗಳು ನ್ಯೂಯಾರ್ಕಿನ ರೋಸಲಿ ಎಡ್ಜ್ ಎಂಬ ಮಹಿಳೆಯ ಮನಸ್ಸನ್ನು ಕಲಕಿದವು. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿ ಪಳಗಿದ್ದ ಆಕೆ ಮನವಿಪತ್ರ ಬರೆದು ಸುಮ್ಮನಾಗಲಿಲ್ಲ. 1934ರಲ್ಲಿ ಸುಮಾರು 1,400 ಎಕರೆಯ ಆ ಬೆಟ್ಟವನ್ನೇ ಗುತ್ತಿಗೆಗೆ ಪಡೆದರು. ಮಾರಿಸ್ ಬ್ರೌನ್ ಎಂಬ ತರುಣನನ್ನು ಕಾವಲಿಗೆ ನೇಮಿಸಿದರು. ಅವನ ಹೆಂಡತಿ ಇರ್ಮಾ ದಾರಿಯ ಬಾಯಲ್ಲಿ ನಿಂತು ಬಂದೂಕಿನವರನ್ನು ತಡೆದರು. ಬ್ರೌನ್ ಮೇಲಿನ ಬಂಡೆಯ ಮೇಲೆ ಕುಳಿತು ಹಾದುಹೋಗುವ ಹಕ್ಕಿಗಳನ್ನು ಎಣಿಸತೊಡಗಿದ. ಇಂದಿಗೂ ಹಾಕ್ ಮೌಂಟನ್ ಎಂದು ಪ್ರಸಿದ್ಧವಾಗಿರುವ ರಕ್ಷಿತ ತಾಣ ಅದೇ.

ಮರುವರ್ಷ, 1935ರಲ್ಲಿ, ಆಡುಬಾನ್ ಸಂಘ ಕೇಪ್ ಮೇ ಮೊನೆಯಲ್ಲೂ ಎಣಿಕೆ ಮಾಡಿಸಿತು. ಆ ವಿವರಗಳನ್ನು ರಾಬರ್ಟ್ ಆಲೆನ್ ಮತ್ತು ರೋಜರ್ ಟೋರಿ ಪೀಟರ್ಸನ್ 1936ರಲ್ಲಿ ‘ದಿ ಆಕ್’ ಎಂಬ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಲ್ಲಿಂದ ಎರಡು ಎಣಿಕೆಗಳ ದಾರಿ ಬೇರೆಯಾಯಿತು. ಬೆಟ್ಟದ ಮೇಲಿನ ಎಣಿಕೆ, ಎರಡನೆಯ ಮಹಾಯುದ್ಧದ ಮೂರು ವರ್ಷಗಳನ್ನು ಬಿಟ್ಟರೆ, ಪ್ರತಿ ಶರತ್ಕಾಲದಲ್ಲೂ ನಡೆಯಿತು. ಕಡಲ ತುದಿಯಲ್ಲಿ ಹಾಗೆ ಸತತವಾಗಿ ನಡೆಯಲಿಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಸ್ವಿಟ್ಜರ್ಲೆಂಡಿನ ಒಂದು ಪ್ರಯೋಗಾಲಯಕ್ಕೆ ಹೋಗೋಣ. 1939ರಲ್ಲಿ ಪಾಲ್ ಮ್ಯೂಲರ್ ಎಂಬ ರಸಾಯನವಿಜ್ಞಾನಿ ಡಿಡಿಟಿಗೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆ ಎಂದು ಕಂಡುಹಿಡಿದ. ಟೈಫಸ್ ಹರಡುವ ಹೇನನ್ನೂ ಮಲೇರಿಯಾದ ಸೊಳ್ಳೆಯನ್ನೂ ಕೊಂದು ಲಕ್ಷಾಂತರ ಜೀವ ಉಳಿಸಿದ ವಸ್ತು ಅದು. 1948ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಯುದ್ಧ ಮುಗಿದೊಡನೆ ಹೊಲ, ತೋಟ, ಕಾಡು, ಜೌಗುಗಳ ಮೇಲೆಲ್ಲ ಡಿಡಿಟಿ ಸುರಿಯಿತು. ಕೀಟದಿಂದ ಮೀನಿಗೆ, ಮೀನಿನಿಂದ ಹದ್ದಿಗೆ ಅದು ಏರುತ್ತ ಹೋಯಿತು. ಪ್ರತಿ ಮೆಟ್ಟಿಲಿಗೂ ಕೊಬ್ಬಿನಲ್ಲಿ ಸಾಂದ್ರವಾಗುತ್ತ ಹೋಯಿತು.

ಹದ್ದುಗಳು ಒಮ್ಮೆಲೇ ಸತ್ತು ಬೀಳಲಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಅಮೆರಿಕದ ರಾಷ್ಟ್ರಚಿಹ್ನೆಯಾದ ಬಿಳಿತಲೆಯ ಹದ್ದು, ಬಾಲ್ಡ್ ಈಗಲ್, ದೀರ್ಘಾಯುಷಿ. ಮುದಿ ಹದ್ದುಗಳು ಎಂದಿನಂತೆ ಹಾರಾಡುತ್ತಲೇ ಇದ್ದವು. ಕಾಣೆಯಾದದ್ದು ಮರಿಗಳು. ಅದು ಗೊತ್ತಾದದ್ದು ಹಾಕ್ ಮೌಂಟನ್ನಿನ ಲೆಕ್ಕದ ಪುಸ್ತಕದಿಂದ. ಆ ವರ್ಷದ ಮರಿಯ ಗರಿ ಮೈಪೂರ್ತಿ ಕಪ್ಪುಗಂದು. ಬೆಳೆದ ಹದ್ದಿನ ತಲೆ ಬಿಳಿ. ಎಣಿಸುವಾಗ ಇವೆರಡನ್ನೂ ಬೇರೆ ಬೇರೆಯಾಗಿ ಬರೆದಿದ್ದರು. 1935ರಿಂದ 1939ರವರೆಗೆ ಹಾದುಹೋದ ಹದ್ದುಗಳಲ್ಲಿ ನೂರಕ್ಕೆ 40 ಮರಿಗಳು. 1955ರಿಂದ 1959ರವರೆಗೆ ನೂರಕ್ಕೆ 20. 1957ರಲ್ಲಂತೂ 32 ಬೆಳೆದ ಹದ್ದುಗಳಿಗೆ ಒಂದೇ ಮರಿ. ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಈ ಅಂಕಿಗಳನ್ನು ಸಾಕ್ಷಿಯಾಗಿ ಮುಂದಿಟ್ಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಬ್ರೌನ್ ಬಂಡೆಯ ಮೇಲೆ ಕುಳಿತದ್ದು 1934ರಲ್ಲಿ. ಡಿಡಿಟಿಯ ಗುಣ ತಿಳಿದದ್ದು 1939ರಲ್ಲಿ. ಅಂದರೆ ಪ್ರಶ್ನೆ ಹುಟ್ಟುವುದಕ್ಕೆ ಐದು ವರ್ಷ ಮೊದಲೇ ಉತ್ತರದ ಅರ್ಧ ಭಾಗವನ್ನು ಬರೆದಿಡಲು ಶುರುವಾಗಿತ್ತು! ಹದ್ದಿನ ಮರಿಗಳು ಕಡಿಮೆಯಾಗಿವೆ ಎಂದು 1957ರಲ್ಲಿ ಯಾರಾದರೂ ಹೇಳಿದ್ದರೆ ‘ಯಾವುದಕ್ಕಿಂತ ಕಡಿಮೆ?’ ಎಂಬ ಪ್ರಶ್ನೆ ಬರುತ್ತಿತ್ತು. ಹಿಂದಿನ ಲೆಕ್ಕವಿಲ್ಲದಿದ್ದರೆ ಆ ಪ್ರಶ್ನೆಗೆ ಉತ್ತರವಿಲ್ಲ. ಹೋದ ವರ್ಷದ ಹಕ್ಕಿಗಳನ್ನು ಈ ವರ್ಷ ಎಣಿಸಲು ಯಾರಿಂದಲೂ ಆಗುವುದಿಲ್ಲ.

ಹಾಗೆಂದು ಲೆಕ್ಕ ಒಂದೇ ಸಾಕೆ? ಸಾಲದು. ಲೆಕ್ಕ ‘ಏನಾಯಿತು’ ಎಂದು ಹೇಳುತ್ತದೆ. ‘ಏಕಾಯಿತು’ ಎಂದು ಹೇಳುವುದಿಲ್ಲ. ಕಾರಣವನ್ನು ಬೇರೆ ದಾರಿಯಲ್ಲಿ ಹುಡುಕಬೇಕು. ಬ್ರಿಟನ್ನಿನ ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹವ್ಯಾಸಿಗಳು ಸಂಗ್ರಹಿಸಿಟ್ಟಿದ್ದ ಪೆರೆಗ್ರಿನ್ ಡೇಗೆಯ ಹಳೆಯ ಮೊಟ್ಟೆಗಳ ಚಿಪ್ಪುಗಳನ್ನು ಹೊಸ ಚಿಪ್ಪುಗಳೊಂದಿಗೆ ಹೋಲಿಸಿದ. 1940ರ ದಶಕದ ಕೊನೆಯ ಭಾಗದಿಂದ ಚಿಪ್ಪು ಸುಮಾರು ಐದರಲ್ಲೊಂದು ಪಾಲು ತೆಳುವಾಗಿತ್ತು. 1967ರಲ್ಲಿ ಈ ಸಂಗತಿ ಪ್ರಕಟವಾಯಿತು. ಡಿಡಿಟಿ ದೇಹದಲ್ಲಿ ಡಿಡಿಇ ಎಂಬ ವಸ್ತುವಾಗಿ ಮಾರ್ಪಟ್ಟು ಚಿಪ್ಪಿಗೆ ಸುಣ್ಣದ ಅಂಶ ಸೇರದಂತೆ ಮಾಡುತ್ತದೆ. ತಾಯಿ ಕಾವಿಗೆ ಕುಳಿತಾಗ ಅವಳ ಭಾರಕ್ಕೇ ಮೊಟ್ಟೆ ಒಡೆಯುತ್ತದೆ. ಗಮನಿಸಿ, ಆ ಮೊಟ್ಟೆಗಳನ್ನು ಕೂಡಿಟ್ಟವರಿಗೂ ಮುಂದೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿರಲಿಲ್ಲ.

1972ರಲ್ಲಿ ಅಮೆರಿಕ ಎರಡು ಹೆಜ್ಜೆ ಇಟ್ಟಿತು. ಬೇಟೆಹಕ್ಕಿಗಳನ್ನು ವಲಸೆ ಹಕ್ಕಿಗಳ ಕಾನೂನಿನ ರಕ್ಷಣೆಗೆ ತಂದಿತು; ಬೆಳೆಗಳಿಗೆ ಡಿಡಿಟಿ ಬಳಸುವುದನ್ನು ನಿಲ್ಲಿಸಿತು. ಇನ್ನು ಹಕ್ಕಿಗಳು ಚೇತರಿಸಿಕೊಳ್ಳುತ್ತವೆಯೇ ಎಂದು ನೋಡಬೇಕಲ್ಲ? ಕೇಪ್ ಮೇಯಲ್ಲಿ 1976ರ ಶರತ್ಕಾಲದಲ್ಲಿ ಪೀಟ್ ಡನ್ ಎಂಬ ಯುವಕ ಎಣಿಕೆಗೆ ನಿಂತ. ಆ ಒಂದೇ ಋತುವಿನಲ್ಲಿ ಹತ್ತಾರು ಸಾವಿರ ಬೇಟೆಹಕ್ಕಿಗಳ ಲೆಕ್ಕ ಸಿಕ್ಕಿತು. ಅಂದಿನಿಂದ ಪ್ರತಿವರ್ಷವೂ ಅಲ್ಲಿ ಎಣಿಕೆ ನಡೆದುಬಂದಿದೆ. ಆದರೆ 1935ಕ್ಕೂ 1976ಕ್ಕೂ ನಡುವೆ, ಡಿಡಿಟಿ ಸುರಿದ ಅದೇ ವರ್ಷಗಳಲ್ಲಿ, ಕಡಲ ತುದಿಯ ಪುಸ್ತಕದಲ್ಲಿ ಸತತವಾದ ಲೆಕ್ಕವಿಲ್ಲ. ತೀರದ ದಾರಿ ಹಿಡಿಯುವ ಹಕ್ಕಿಗಳು ವರ್ಷದಿಂದ ವರ್ಷಕ್ಕೆ ಹೇಗೆ ಕುಸಿದವೆಂದು ಆ ಪುಸ್ತಕ ಎಂದೂ ಹೇಳಲಾರದು.

ಗಿಡುಗಗಳ ಜೊತೆಗೆ ಕಡಲಹಕ್ಕಿಗಳ ಸರದಿಯೂ ಬಂತು. ಕೇಪ್ ಮೇಯ ಉತ್ತರಕ್ಕೆ ಅವಲಾನ್ ಎಂಬ ಊರಿದೆ. ಅಲ್ಲಿ ದಡ ಸಾಗರದೊಳಕ್ಕೆ ಸ್ವಲ್ಪ ಚಾಚಿಕೊಂಡಿರುವುದರಿಂದ ದಕ್ಷಿಣಕ್ಕೆ ಹಾರುವ ಕಡಲಹಕ್ಕಿಗಳು ಕಣ್ಣಿಗೆ ಸಿಗುವಷ್ಟು ಹತ್ತಿರ ಬರುತ್ತವೆ. 1993ರಿಂದ ಇಲ್ಲಿ ಸೆಪ್ಟೆಂಬರ್ 22ರಿಂದ ಡಿಸೆಂಬರ್ 22ರವರೆಗೆ ಪೂರ್ಣ ಋತುವಿನ ಎಣಿಕೆ ನಡೆಯುತ್ತಿದೆ. ಸ್ಕೋಟರ್ ಎಂಬ ಕಪ್ಪು ಕಡಲಬಾತು, ನೀರುಕಾಗೆ, ಲೂನ್, ಬಾಣದಂತೆ ನೀರಿಗೆ ಧುಮುಕುವ ಗ್ಯಾನೆಟ್ – ಋತುವೊಂದರಲ್ಲಿ ಲಕ್ಷಗಟ್ಟಲೆ. ಇವನ್ನೆಲ್ಲ ಒಂದೊಂದಾಗಿ ಎಣಿಸಲಾಗದು. ಗುಂಪಿನಲ್ಲಿ ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಳತೆ ಮಾಡಿಕೊಂಡು, ಅಂಥ ತುಂಡುಗಳು ಎಷ್ಟಿವೆ ಎಂದು ನೋಡುತ್ತಾರೆ. ಗುಂಡಿ ಒತ್ತಿದರೆ ಒಂದಂಕಿ ಏರುವ ಪುಟ್ಟ ಯಂತ್ರ ಕೈಯಲ್ಲಿರುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಇಲ್ಲೊಂದು ಸಂದೇಹ ಎತ್ತಬೇಕು. ಕಣ್ಣಿಗೆ ಕಾಣದಷ್ಟು ಎತ್ತರದಲ್ಲಿ ಹೋದವು, ರಾತ್ರಿ ಹೋದವು, ಬೇರೆ ದಾರಿ ಹಿಡಿದವು ಲೆಕ್ಕಕ್ಕೆ ಸಿಗಲಿಲ್ಲವಲ್ಲ? ನಿಜ. ಇದು ಜನಗಣತಿಯಲ್ಲ, ಸೂಚಿ ಮಾತ್ರ. ಅದಕ್ಕೇ ಜಾಗ ಅದೇ, ದಿನಗಳು ಅವೇ, ಪದ್ಧತಿ ಅದೇ ಇರಬೇಕು. ಗಂಟೆಗೊಮ್ಮೆ ಗಾಳಿಯ ದಿಕ್ಕು, ಉಷ್ಣತೆ, ಮೋಡ ಎಲ್ಲವನ್ನೂ ಬರೆಯಬೇಕು. ಒಂದು ವರ್ಷದ ಏರಿಳಿತಕ್ಕೆ ಗಾಳಿಯೇ ಕಾರಣವಾಗಿರಬಹುದು. ಮೂವತ್ತು ವರ್ಷಗಳ ಇಳಿತಕ್ಕೆ ಗಾಳಿಯನ್ನು ದೂರಲಾಗದು. ಹಾಗೆ ನೋಡಿದಾಗ ಒಳ್ಳೆಯ ಸುದ್ದಿಯೂ ಉಂಟು. ನ್ಯೂಜರ್ಸಿಯಲ್ಲಿ 1970ರ ಹೊತ್ತಿಗೆ ಗೂಡು ಕಟ್ಟುವ ಬಿಳಿತಲೆಯ ಹದ್ದು ಒಂದೇ ಜೋಡಿ ಉಳಿದಿತ್ತು. ಈಗ ಇನ್ನೂರಕ್ಕೂ ಹೆಚ್ಚು ಜೋಡಿಗಳಿವೆ. ಪೆರೆಗ್ರಿನ್ ಡೇಗೆಯನ್ನು 1999ರಲ್ಲಿ, ಬಿಳಿತಲೆಯ ಹದ್ದನ್ನು 2007ರಲ್ಲಿ ಅಪಾಯದ ಪಟ್ಟಿಯಿಂದ ತೆಗೆದರು. ಇನ್ನೊಂದು ಕಡೆ, ಕೆಸ್ಟ್ರೆಲ್ ಎಂಬ ಪುಟ್ಟ ಡೇಗೆ ಅದೇ ಪುಸ್ತಕದಲ್ಲಿ ಇಳಿಯುತ್ತ ಬಂದಿದೆ. ಅದರ ಕಾರಣವನ್ನು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ.

ದೂರದ ಅಮೆರಿಕದ ಈ ಕತೆ ನಮಗೇಕೆ ಎನ್ನಬೇಡಿ. ರಾಜಸ್ಥಾನದ ಭರತಪುರದ ಕೇವಲಾದೇವ ಪಕ್ಷಿಧಾಮದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಬೇಟೆಹಕ್ಕಿಗಳ ಅಧ್ಯಯನಕ್ಕೆಂದು ರಣಹದ್ದುಗಳನ್ನೂ ಎಣಿಸಿದ್ದರು. 1990ರ ದಶಕದ ಕೊನೆಯಲ್ಲಿ ಮತ್ತೆ ಎಣಿಸಿದಾಗ ಅಲ್ಲಿ ಬಹುತೇಕ ಬರಿದಾಗಿತ್ತು. ಹಳೆಯ ಲೆಕ್ಕವಿದ್ದದ್ದರಿಂದಲೇ ಅನಾಹುತದ ಅಳತೆ ಗೊತ್ತಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಔಷಧವೇ ವಿಷವಾಗಿದೆ ಎಂದು 2004ರಲ್ಲಿ ತಿಳಿಯಿತು. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ತಡವಾಗಿತ್ತು: 1992ರಲ್ಲಿ ಸಾವಿರ ಬಿಳಿಬೆನ್ನಿನ ರಣಹದ್ದುಗಳಿದ್ದ ಕಡೆ 2007ಕ್ಕೆ ಉಳಿದದ್ದು ಒಂದೇ ಎಂಬ ಪ್ರಮಾಣ. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ರಕ್ಷಿತ ತಾಣವಾದಾಗ ಕಾಪಾಡಲು ಉಳಿದಿದ್ದವು ಬೆರಳೆಣಿಕೆಯಷ್ಟು.

ನಮ್ಮ ಕರಾವಳಿಗೂ ಕೆರೆಗಳಿಗೂ ಪ್ರತಿ ಚಳಿಗಾಲ ಮೀನುಗಿಡುಗವೂ ಪೆರೆಗ್ರಿನ್ ಡೇಗೆಯೂ ಬರುತ್ತವೆ. ಕಾರವಾರದಲ್ಲೋ ಮಲ್ಪೆಯಲ್ಲೋ ಓದುವ ನೀವು ಅವನ್ನು ಎಣಿಸಬಹುದು. ಅದಕ್ಕೆ ದುಬಾರಿ ಉಪಕರಣ ಬೇಡ. ಒಂದೇ ಜಾಗ ಆರಿಸಿಕೊಳ್ಳಿ. ವಾರದಲ್ಲಿ ಒಂದೇ ದಿನ, ಒಂದೇ ಹೊತ್ತು ನಿಗದಿ ಮಾಡಿಕೊಳ್ಳಿ. ದಿನಾಂಕ, ಗಾಳಿ, ಮೋಡ, ಹಕ್ಕಿ, ಸಂಖ್ಯೆ – ಐದೇ ಕಲಮು. ಗುರುತು ಸಿಗದ ಹಕ್ಕಿಯನ್ನು ‘ಗುರುತು ಸಿಗಲಿಲ್ಲ’ ಎಂದೇ ಬರೆಯಿರಿ. ಊಹಿಸಿ ಹೆಸರು ಕೊಡಬೇಡಿ. ಒಂದೂ ಹಕ್ಕಿ ಕಾಣದ ದಿನ ಪುಟವನ್ನು ಖಾಲಿ ಬಿಡದೆ ಸೊನ್ನೆ ಹಾಕಿ. ಖಾಲಿ ಪುಟಕ್ಕೆ ಅರ್ಥವಿಲ್ಲ, ಸೊನ್ನೆಗೆ ಅರ್ಥವಿದೆ. ಶಾಲೆ ಬಿಟ್ಟು ಹೋಗುವಾಗ ಆ ಪುಸ್ತಕವನ್ನು ಕೆಳಗಿನ ತರಗತಿಯವರ ಕೈಗೆ ಕೊಟ್ಟು ಹೋಗಿ.