ಕುಷ್ಠರೋಗ: ಧರ್ಮ ಕಲಿಸಿದ್ದು, ವೈದ್ಯ ತಿದ್ದಿದ್ದು

ಮಿಷನರಿಗಳು ಮತ ಹರಡೋಕೆ ಆಸ್ಪತ್ರೆ ಕಟ್ಟಿದರು ಅನ್ನೋದು ಅರ್ಧ ಕಥೆ. ವೈದ್ಯವೂ ಅವರ ಬೋಧನೆಯನ್ನು ತಿದ್ದಿದೆ. ಅದಕ್ಕೆ ನಾನು ಕೊಡುವ ಉದಾಹರಣೆ ಕುಷ್ಠರೋಗ.

ಹಳೆ ಒಡಂಬಡಿಕೆಯಲ್ಲಿ ಕುಷ್ಠ ಎಂದರೆ ಮೈಲಿಗೆ. ಯೇಸು ಮಾತ್ರ ರೋಗಿಯನ್ನು ಮುಟ್ಟಿ ಗುಣಪಡಿಸಿದ. ಆ ಮಾದರಿ ಹಿಡಿದು ವೆಲ್ಲೆಸ್ಲಿ ಬೈಲಿ 1874ರಲ್ಲಿ ಕುಷ್ಠರೋಗಿಗಳ ಮಿಷನ್ ಆರಂಭಿಸಿದರು. ಹಿಂದಿನ ವರ್ಷವಷ್ಟೇ ನಾರ್ವೆಯ ಹ್ಯಾನ್ಸನ್ ರೋಗಾಣು ಪತ್ತೆಹಚ್ಚಿದ್ದರು. ಶಾಪದ ಮಾತಿಗೆ ಅಲ್ಲಿಗೆ ಬುಡವೇ ಇಲ್ಲವಾಯಿತು. ಆದರೂ ಮಿಷನ್ ಆಶ್ರಮಗಳು ಗಂಡು-ಹೆಣ್ಣನ್ನು ಬೇರೆ ಬೇರೆ ಇಟ್ಟವು.

ಬೆರಳು ಕೊಳೆತು ಉದುರಲ್ಲ, ನೋವು ಗೊತ್ತಾಗದೆ ಗಾಯವಾಗಿ ಹಾಳಾಗುತ್ತೆ ಅಂತ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ತೋರಿಸಿದರು. ಮುಂದೆ ನೋವನ್ನೇ ದೇವರ ಕೊಡುಗೆ ಎಂದು ಬರೆದರು.

ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದಿದ್ದ ನಮ್ಮ ಕಾನೂನು ಬದಲಾಗಿದ್ದು 2019ರಲ್ಲಿ. ರೋಗಾಣುವಿಗಿಂತ ಕಳಂಕಕ್ಕೇ ಆಯಸ್ಸು ಜಾಸ್ತಿ.