ಬೇತಮಂಗಲ ಜಲಾಶಯ ಮತ್ತು ಕಿರು ಹಾಯಿದೋಣಿ ಸ್ಪರ್ಧೆ

ಪೀಠಿಕೆ

ಹಾಯಿದೋಣಿ ಸ್ಪರ್ಧೆ ಎಂದೊಡನೆ ಸಮುದ್ರದ ನೆನಪಾಗುವುದು ಸಹಜ. ಆದರೆ ಒಬ್ಬರು ಅಥವಾ ಇಬ್ಬರು ನಡೆಸುವ ಕಿರು ಹಾಯಿದೋಣಿಗಳಿಗೆ ಸಮುದ್ರವೇ ಬೇಕೆಂದಿಲ್ಲ. ನದಿಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ವಿಶಾಲವಾದ ಕೆರೆ ಅಥವಾ ಅಣೆಕಟ್ಟೆಯ ಹಿನ್ನೀರು ಸಾಕಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಹಲಸೂರು ಕೆರೆ ಹಾಗೂ ಕಾವೇರಿಯ ಕೃಷ್ಣರಾಜಸಾಗರ ಹಿನ್ನೀರು ಈ ಕ್ರೀಡೆಗೆ ಬಳಕೆಯಾಗಿರುವ ಒಳನಾಡಿನ ತಾಣಗಳಾಗಿವೆ. ಕೋಲಾರ ಜಿಲ್ಲೆಯಲ್ಲಿ ಈ ದೃಷ್ಟಿಯಿಂದ ಗಮನಾರ್ಹವಾದ ಜಲರಾಶಿಯೆಂದರೆ ಪಾಲಾರ್ ನದಿಯ ಬೇತಮಂಗಲ ಜಲಾಶಯ. ಈ ಕ್ರೀಡೆಯ ಸ್ವರೂಪ, ನಿಯಮಗಳು ಹಾಗೂ ಇಂತಹ ಜಲಾಶಯದಲ್ಲಿ ಅದರ ಸಾಧ್ಯತೆ ಮತ್ತು ಮಿತಿಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜಲಾಶಯದ ಹಿನ್ನೆಲೆ

ಪಾಲಾರ್ ನದಿಯು ಚಿಕ್ಕಬಳ್ಳಾಪುರ ಜಿಲ್ಲೆಯ ತಲಗವಾರದ ಬಳಿ ಉಗಮಿಸಿ, ಕೋಲಾರ ಜಿಲ್ಲೆಯನ್ನು ಹಾದು, ಆಂಧ್ರಪ್ರದೇಶ ಮತ್ತು ತಮಿಳುನಾಡುಗಳ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಇದರ ಒಟ್ಟು ಉದ್ದ ಸುಮಾರು 348 ಕಿ.ಮೀ. ಆಗಿದ್ದು, ಅದರಲ್ಲಿ ಸುಮಾರು 93 ಕಿ.ಮೀ. ಕರ್ನಾಟಕದಲ್ಲಿದೆ. ಇದು ವರ್ಷವಿಡೀ ಹರಿಯುವ ನದಿಯಲ್ಲ. ಮಳೆಗಾಲದಲ್ಲಿ ಮಾತ್ರ ಹರಿಯುವ ಈ ನದಿಯ ನೀರನ್ನು ಸರಣಿ ಕೆರೆಗಳಲ್ಲಿ ಹಿಡಿದಿಡುವುದು ಈ ಭಾಗದ ಪುರಾತನ ಪದ್ಧತಿ. ಬೇತಮಂಗಲ ಕೆರೆಯು ಆ ಪರಂಪರೆಗೆ ಸೇರಿದ್ದಾಗಿದೆ. ವಿಜಯಾದಿತ್ಯಮಂಗಲ ಎಂಬುದು ಈ ಊರಿನ ಪ್ರಾಚೀನ ಹೆಸರು. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಬೇತಮಂಗಲ ಈಗ ಕೆ.ಜಿ.ಎಫ್. ತಾಲ್ಲೂಕಿನಲ್ಲಿದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಚಿನ್ನದ ಗಣಿಗಳ ನಿರ್ವಹಣೆಯನ್ನು ವಹಿಸಿಕೊಂಡ ನಂತರ ಗಣಿ ಪ್ರದೇಶದ ಜನಸಂಖ್ಯೆ ಶೀಘ್ರವಾಗಿ ಬೆಳೆಯಿತು. ಬಾವಿಗಳ ನೀರು ಸಾಲದಾದಾಗ, 20ನೇ ಶತಮಾನದ ಆರಂಭದಲ್ಲಿ ಬೇತಮಂಗಲದಿಂದ ಶುದ್ಧೀಕರಿಸಿದ ನೀರನ್ನು ಕೊಳವೆಗಳ ಮೂಲಕ ಗಣಿ ಪ್ರದೇಶಕ್ಕೆ ಒದಗಿಸುವ ವ್ಯವಸ್ಥೆ ಏರ್ಪಟ್ಟಿತು. ಗಣಿಗಳ ಕಾಲದಲ್ಲಿ ಈ ಜಲಾಶಯವು ಕೆ.ಜಿ.ಎಫ್. ನಿವಾಸಿಗಳ ವಿಹಾರಸ್ಥಳವೂ ಆಗಿದ್ದು, ದೋಣಿವಿಹಾರಕ್ಕೆ ಬಳಕೆಯಲ್ಲಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಲ್ಪಟ್ಟವು. ಜಲಾಶಯವನ್ನು ಮಾತ್ರ ಜನರು ಇಂದಿಗೂ ಮೊದಲು ಕುಡಿಯುವ ನೀರಿನ ಮೂಲವೆಂದೇ ಕಾಣುತ್ತಾರೆ.

ದೋಣಿಗಳ ವರ್ಗಗಳು

ಕಿರು ಹಾಯಿದೋಣಿ ಸ್ಪರ್ಧೆಯಲ್ಲಿ ಒಂದೇ ವರ್ಗದ ದೋಣಿಗಳು ಪರಸ್ಪರ ಸ್ಪರ್ಧಿಸುವುದು ಸಾಮಾನ್ಯ ಕ್ರಮ. ದೋಣಿಗಳೆಲ್ಲವೂ ಒಂದೇ ಅಳತೆಯವಾದ್ದರಿಂದ ಗೆಲುವು ನಾವಿಕನ ಕೌಶಲ್ಯವನ್ನು ಅವಲಂಬಿಸಿರುತ್ತದೆ. ಒಳನಾಡಿನ ನೀರಿಗೆ ಹೊಂದುವ ಪ್ರಮುಖ ವರ್ಗಗಳು ಈ ಕೆಳಕಂಡಂತಿವೆ:

1. ಆಪ್ಟಿಮಿಸ್ಟ್: 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ರೂಪಿಸಿದ ಮಕ್ಕಳ ದೋಣಿ. ಉದ್ದ ಸುಮಾರು 2.3 ಮೀಟರ್, ಒಡಲಿನ ತೂಕ 35 ಕಿ.ಗ್ರಾಂ. ಒಬ್ಬರೇ ನಡೆಸುವ ಈ ದೋಣಿಯಲ್ಲಿ 15 ವರ್ಷದವರೆಗಿನ ಬಾಲಕ ಬಾಲಕಿಯರು ಸ್ಪರ್ಧಿಸುತ್ತಾರೆ.

2. ಲೇಸರ್: 1970ರ ಸುಮಾರಿಗೆ ಕೆನಡಾದ ಬ್ರೂಸ್ ಕರ್ಬಿ ರೂಪಿಸಿದ ಒಬ್ಬರ ದೋಣಿ. ಉದ್ದ ಸುಮಾರು 4.2 ಮೀಟರ್. 2019ರಿಂದ ಐ.ಎಲ್.ಸಿ.ಎ. ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಒಡಲು ಒಂದೇ ಆಗಿದ್ದು, ಹಾಯಿಯ ವಿಸ್ತೀರ್ಣಕ್ಕೆ ಅನುಗುಣವಾಗಿ 4, 6 ಮತ್ತು 7 ಎಂಬ ಮೂರು ವಿಭಾಗಗಳಿವೆ.

3. ಎಂಟರ್‌ಪ್ರೈಸ್: 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ ಇಬ್ಬರ ದೋಣಿ. ಉದ್ದ ಸುಮಾರು 4 ಮೀಟರ್. ಭಾರತದ ಕ್ಲಬ್‌ಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿದೆ.

ಗಾಳಿಗೆದುರಾಗಿ ಸಾಗುವ ಬಗೆ

ಹಾಯಿದೋಣಿಯು ಗಾಳಿ ಬೀಸುವ ದಿಕ್ಕಿಗೆ ನೇರ ಎದುರಾಗಿ ಸಾಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಮಾತ್ರ ಮುಂದುವರಿಯಬಲ್ಲದು. ಆದ್ದರಿಂದ ಗಾಳಿಯ ಕಡೆಗಿರುವ ಗುರುತನ್ನು ತಲುಪಲು ನಾವಿಕನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಾ ಹಾವಿನ ನಡೆಯಂತೆ ಸಾಗಬೇಕಾಗುತ್ತದೆ. ಹೀಗೆ ಗಾಳಿಯನ್ನು ಅಡ್ಡಹಾಯುವ ತಿರುವಿಗೆ ಟ್ಯಾಕಿಂಗ್ ಎನ್ನಲಾಗುತ್ತದೆ. ದೋಣಿಯು ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗೆ ಇಳಿಬಿಟ್ಟ ಹಲಗೆಯು ತಡೆಯುತ್ತದೆ. ಈ ಹಲಗೆಯ ಕಾರಣದಿಂದಲೇ ಕಿರುದೋಣಿಗೂ ಒಂದು ಮೀಟರಿಗಿಂತ ಹೆಚ್ಚಿನ ಆಳದ, ಜೊಂಡು ಮತ್ತು ಬಳ್ಳಿಗಳಿಲ್ಲದ ನೀರು ಬೇಕಾಗುತ್ತದೆ. ಹೂಳು ತುಂಬಿದ ಕೆರೆಯು ನೋಡಲು ವಿಶಾಲವಾಗಿದ್ದರೂ ಸ್ಪರ್ಧೆಗೆ ಒದಗುವುದಿಲ್ಲ.

ಸ್ಪರ್ಧೆಯ ಕ್ರಮ

ಸ್ಪರ್ಧೆಗಳು ವರ್ಲ್ಡ್ ಸೇಲಿಂಗ್ ಸಂಸ್ಥೆಯ ನಿಯಮಾವಳಿಯಂತೆ ನಡೆಯುತ್ತವೆ. ನಿಯಮಾವಳಿಯನ್ನು ಪ್ರತಿ 4 ವರ್ಷಗಳಿಗೊಮ್ಮೆ ಪರಿಷ್ಕರಿಸಲಾಗುತ್ತದೆ. ಭಾರತದಲ್ಲಿ ಈ ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ.

ಆರಂಭಕ್ಕೆ 5 ನಿಮಿಷ ಮೊದಲು ಎಚ್ಚರಿಕೆಯ ಧ್ವಜವನ್ನು, 4 ನಿಮಿಷ ಮೊದಲು ಸಿದ್ಧತೆಯ ಧ್ವಜವನ್ನು ಏರಿಸಲಾಗುತ್ತದೆ. 1 ನಿಮಿಷ ಉಳಿದಾಗ ಸಿದ್ಧತೆಯ ಧ್ವಜವನ್ನು ಇಳಿಸಲಾಗುತ್ತದೆ. ದೋಣಿಗಳು ನಿಂತಲ್ಲಿಂದ ಹೊರಡುವುದಿಲ್ಲ. ಚಲಿಸುತ್ತಲೇ ಇದ್ದು, ಆರಂಭದ ಸಂಕೇತದ ನಂತರ ರೇಖೆಯನ್ನು ದಾಟಬೇಕು. ಮೊದಲೇ ದಾಟಿದವರು ಹಿಂದಿರುಗಿ ಮತ್ತೆ ಹೊರಡಬೇಕು. ತೇಲುವ ಗುರುತುಗಳನ್ನು ನಿಗದಿತ ಕ್ರಮದಲ್ಲಿ ಸುತ್ತಿ ಅಂತಿಮ ರೇಖೆಯನ್ನು ತಲುಪಬೇಕು.

ದೋಣಿಗಳು ಎದುರಾದಾಗ ಅನ್ವಯಿಸುವ ಮುಖ್ಯ ನಿಯಮಗಳು ಎರಡು. ಎಡಭಾಗದಿಂದ ಗಾಳಿ ಪಡೆಯುತ್ತಿರುವ ದೋಣಿಯು ಬಲಭಾಗದಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು. ಎರಡೂ ಒಂದೇ ಬದಿಯಿಂದ ಗಾಳಿ ಪಡೆಯುತ್ತಾ ಅಕ್ಕಪಕ್ಕದಲ್ಲಿದ್ದರೆ, ಗಾಳಿ ಬರುವ ಕಡೆಗಿರುವ ದೋಣಿಯು ಇನ್ನೊಂದಕ್ಕೆ ದಾರಿ ಬಿಡಬೇಕು. ಈ ನಿಯಮಗಳನ್ನು ಮುರಿದವರು ಸಾಮಾನ್ಯವಾಗಿ ಕೂಡಲೇ ಎರಡು ಸುತ್ತು ತಿರುಗಿ ದಂಡ ತೆರಬೇಕು. ಗುರುತನ್ನು ಮುಟ್ಟಿದವರು ಒಂದು ಸುತ್ತು ತಿರುಗಬೇಕು.

ಅಂಕಗಳ ಲೆಕ್ಕದಲ್ಲಿ ಕಡಿಮೆ ಅಂಕ ಪಡೆದವರೇ ವಿಜೇತರು. ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ 2, ಹೀಗೆ ಅಂಕ ನೀಡಿ, ಅತ್ಯಂತ ಕೆಟ್ಟ ಫಲಿತಾಂಶವೊಂದನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ. ಉದಾಹರಣೆಗೆ, 5 ಪಂದ್ಯಗಳಲ್ಲಿ 2, 1, 4, 9, 3ನೇ ಸ್ಥಾನ ಪಡೆದ ನಾವಿಕನ 9 ಅಂಕಗಳನ್ನು ಬಿಟ್ಟು ಒಟ್ಟು 10 ಅಂಕಗಳೆಂದು ಎಣಿಸಲಾಗುತ್ತದೆ.

ನೀರಿನ ಕಾಲ, ಗಾಳಿಯ ಕಾಲ

ಬಯಲುಸೀಮೆಯ ಕೆರೆಗಳಲ್ಲಿ ಈ ಕ್ರೀಡೆಗಿರುವ ಮುಖ್ಯ ತೊಡಕೆಂದರೆ ಗಾಳಿ ಮತ್ತು ನೀರು ಬೇರೆ ಬೇರೆ ತಿಂಗಳುಗಳಲ್ಲಿ ಬರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ಮತ್ತು ನೈರುತ್ಯ ದಿಕ್ಕಿನಿಂದ ಬಲವಾದ ಗಾಳಿ ಬೀಸುತ್ತದೆ. ಆದರೆ ಬೇಸಿಗೆ ಕಳೆದ ಆ ದಿನಗಳಲ್ಲಿ ಕೆರೆಯ ಮಟ್ಟ ತಗ್ಗಿರುತ್ತದೆ. ಕೋಲಾರ ಜಿಲ್ಲೆಯಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಸುರಿಯುವುದರಿಂದ ಕೆರೆಗಳು ವರ್ಷದ ಕೊನೆಗೆ ತುಂಬುತ್ತವೆ. ಆಗ ಮುಂಗಾರಿನ ಗಾಳಿ ಇಳಿದು, ಈಶಾನ್ಯದ ಮೃದುವಾದ ಗಾಳಿ ಇರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯು ಕಲಿಯುವ ಮಕ್ಕಳಿಗೆ ಅನುಕೂಲಕರ. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗುಮಳೆಯ ಮುನ್ನ ಏಳುವ ಬಿರುಗಾಳಿಯು ಅಪಾಯಕಾರಿ.

ಹೀಗಾಗಿ ಮುಂಗಾರಿನ ಗಾಳಿಯಲ್ಲಿ ಸ್ಪರ್ಧೆ ನಡೆಯಬೇಕಾದರೆ ಹಿಂದಿನ ವರ್ಷ ತುಂಬಿದ ನೀರು ಜೂನ್‌ವರೆಗೆ ಉಳಿದಿರಬೇಕು. ಇದು ಸತತ ಬರ ಕಂಡಿರುವ ಜಿಲ್ಲೆಯಲ್ಲಿ ಸುಲಭವಲ್ಲ. 2021ರ ನವೆಂಬರ್‌ನ ಭಾರಿ ಮಳೆಯಲ್ಲಿ ಪಾಲಾರ್ ತುಂಬಿ ಹರಿದು, ಬಹುಕಾಲ ಬತ್ತಿದ್ದ ಕೆರೆಗಳು ಕೋಡಿ ಬಿದ್ದವು. ಅಂತಹ ವರ್ಷದ ನಂತರವೂ ನೀರು ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ಹೂಳು, ಜಲಾನಯನದ ಕಾಲುವೆಗಳ ಸ್ಥಿತಿ ಮತ್ತು ನೀರಿನ ಬಳಕೆ ನಿರ್ಧರಿಸುತ್ತವೆ. ಕುಡಿಯುವ ನೀರು ಮತ್ತು ವ್ಯವಸಾಯದ ಅಗತ್ಯಗಳು ಕ್ರೀಡೆಗಿಂತ ಮೊದಲಿನವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೂಳು ತೆಗೆದು, ಕಾಲುವೆ ತೆರವುಗೊಳಿಸಿ, ಕೊಳಚೆ ಸೇರದಂತೆ ತಡೆದು ಕಾಪಾಡಿದ ಕೆರೆಯು ಈ ಎಲ್ಲ ಉದ್ದೇಶಗಳಿಗೂ ಒದಗುತ್ತದೆ.

ಸುರಕ್ಷತಾ ಕ್ರಮಗಳು

1. ನೀರಿಗಿಳಿಯುವ ಪ್ರತಿಯೊಬ್ಬರೂ ಲೈಫ್ ಜಾಕೆಟ್ ಧರಿಸತಕ್ಕದ್ದು. ಈಜು ಬಲ್ಲವರಿಗೂ ಇದು ಅನ್ವಯಿಸುತ್ತದೆ.
2. ಮಗುಚಿದ ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಅಭ್ಯಾಸವನ್ನು ಮೊದಲ ಪಾಠವಾಗಿ ಕಲಿಸತಕ್ಕದ್ದು. ದೋಣಿ ಮಗುಚಿದಾಗ ಅದನ್ನು ಬಿಟ್ಟು ದಡಕ್ಕೆ ಈಜಲು ಯತ್ನಿಸಬಾರದು.
3. ಕೋಡಿ ಹರಿಯುತ್ತಿರುವಾಗ ಕೋಡಿಯ ಬಳಿ ಮತ್ತು ತೂಬಿನ ಸಮೀಪಕ್ಕೆ ದೋಣಿ ಒಯ್ಯಬಾರದು.
4. ಮೀನುಗಾರರ ಬಲೆಗಳಿರುವ ಭಾಗವನ್ನು ಅವರೊಂದಿಗೆ ಮಾತನಾಡಿ ಮೊದಲೇ ಗುರುತಿಸಿಕೊಳ್ಳಬೇಕು.
5. ರಕ್ಷಣಾ ದೋಣಿಯು ಸದಾ ಸಿದ್ಧವಿರಬೇಕು. ಕುಡಿಯುವ ನೀರಿನ ಜಲಾಶಯದಲ್ಲಿ ಇಂಧನ ಸೋರದಂತೆ ಎಚ್ಚರ ವಹಿಸಬೇಕು.
6. ಅಪಾಯದಲ್ಲಿರುವವರಿಗೆ ನೆರವಾಗುವುದು ಸ್ಪರ್ಧಾ ನಿಯಮಾವಳಿಯ ಮೊದಲ ನಿಯಮ. ಮುಂಚೂಣಿಯಲ್ಲಿರುವ ನಾವಿಕನೂ ಸ್ಪರ್ಧೆ ಬಿಟ್ಟು ನೆರವಿಗೆ ಧಾವಿಸಬೇಕು.
7. ಜಲಾಶಯದ ಒಡೆತನ ಹೊಂದಿರುವ ಇಲಾಖೆಯ ಪೂರ್ವಾನುಮತಿ ಇಲ್ಲದೆ ದೋಣಿ ಇಳಿಸಬಾರದು.

ತರಬೇತಿ ಮತ್ತು ಅವಕಾಶಗಳು

ಬೆಂಗಳೂರಿನಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಹಲಸೂರು ಕೆರೆಯನ್ನು ಜಲಕ್ರೀಡೆಗಳ ತರಬೇತಿಗೆ ಬಳಸುತ್ತಾ ಬಂದಿದೆ. ರಾಜ್ಯದಲ್ಲಿ ಜಲಸಾಹಸ ಕ್ರೀಡೆಗಳ ತರಬೇತಿಯನ್ನು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನೀಡುತ್ತದೆ. 2023ರಲ್ಲಿ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನೇಹಾ ಠಾಕೂರ್ ಐ.ಎಲ್.ಸಿ.ಎ. 4 ವಿಭಾಗದಲ್ಲಿ ಬೆಳ್ಳಿ ಪದಕವನ್ನು, ವಿಷ್ಣು ಸರವಣನ್ ಐ.ಎಲ್.ಸಿ.ಎ. 7 ವಿಭಾಗದಲ್ಲಿ ಕಂಚಿನ ಪದಕವನ್ನು ಗಳಿಸಿದರು. ನೇಹಾ ಅವರು ತರಬೇತಿ ಪಡೆದದ್ದು ಸಮುದ್ರವಿಲ್ಲದ ಮಧ್ಯಪ್ರದೇಶದ ಭೋಪಾಲದಲ್ಲಿ, ಅಲ್ಲಿನ ದೊಡ್ಡ ಕೆರೆಯ ನೀರಿನಲ್ಲಿ. ಒಳನಾಡಿನ ಕೆರೆಯೊಂದು ನೀರನ್ನು ಉಳಿಸಿಕೊಂಡರೆ ಅದರ ದಡದ ಮಕ್ಕಳಿಗೆ ಯಾವ ದಾರಿ ತೆರೆಯಬಲ್ಲದು ಎಂಬುದಕ್ಕೆ ಇದು ನಿದರ್ಶನವಾಗಿದೆ.