ಕಲ್ಲುಗುಂಡಿಯ ಸೊಪ್ಪಿನ ಗುಡ್ಡೆಗಳು

ಸುಳ್ಯದಿಂದ ಮಡಿಕೇರಿಗೆ ಹೋಗುವ ಬಸ್ಸು ಅರಂತೋಡು, ಗೂನಡ್ಕ ದಾಟಿದ ಮೇಲೆ ಸಿಗುವ ಪೇಟೆ ಕಲ್ಲುಗುಂಡಿ. ಪೇಟೆ ಎಂದರೆ ರಾಷ್ಟ್ರೀಯ ಹೆದ್ದಾರಿ 275ರ ಬದಿಯ ಅಂಗಡಿ ಸಾಲು, ಪಕ್ಕದಲ್ಲಿ ಪಯಸ್ವಿನಿ ಹೊಳೆ, ಸುತ್ತ ಗುಡ್ಡ. ದೂರದವರಿಗೆ ಈ ಹೆಸರು ಗೊತ್ತಿರುವುದು ವಿಷ್ಣುಮೂರ್ತಿಯ ಒತ್ತೆಕೋಲದಿಂದ, ಸಂಪಾಜೆ ಯಕ್ಷೋತ್ಸವದಿಂದ. ಆಡಳಿತದ ಲೆಕ್ಕದಲ್ಲಿ ಇದು ಸಂಪಾಜೆ ಗ್ರಾಮ. ಸಂಪಾಜೆಯೋ ಎರಡು: ದಕ್ಷಿಣ ಕನ್ನಡದ್ದೊಂದು, ಕೊಡಗಿನದೊಂದು. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಬಂದವು. ಅಲ್ಲಿಯವರೆಗೆ ಕೊಡಗು ಪ್ರತ್ಯೇಕ ರಾಜ್ಯ. ಅದಕ್ಕೂ ಹಿಂದೆ ಅಮರ ಸುಳ್ಯ ಸೀಮೆಯೆಲ್ಲ ಕೊಡಗಿನ ಅರಸರದೇ ಆಗಿತ್ತು. 1834ರಲ್ಲಿ ಕೊಡಗನ್ನು ಹಿಡಿದ ಕಂಪನಿ ಸರಕಾರ ಸುಳ್ಯ, ಪುತ್ತೂರುಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಕಂದಾಯವನ್ನು ಹಣದಲ್ಲೇ ಕಟ್ಟಿ ಎಂದಿತು. 1837ರ ಅಮರ ಸುಳ್ಯ ದಂಗೆಗೆ ಅದೂ ಒಂದು ಕಾರಣ.

ದಂಗೆಯ ಕತೆಯನ್ನು ಈಗ ಸ್ಮಾರಕ ಕಟ್ಟಿ ನೆನೆಯುತ್ತೇವೆ. ಕಂದಾಯದ ಇನ್ನೊಂದು ಪದ್ಧತಿಗೆ ಸ್ಮಾರಕವಿಲ್ಲ. ಅದು ಕುಮ್ಕಿ. ವರ್ಗ ಜಮೀನಿನ, ಅಂದರೆ ರೈತನ ಪಟ್ಟಾ ಜಮೀನಿನ, ಅಂಚಿನಿಂದ 100 ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ತೆಗೆಯುವ ಹಕ್ಕು ಪಕ್ಕದ ರೈತನಿಗಿತ್ತು. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಹಟ್ಟಿಯಲ್ಲಿ ದನ ಬೇಕು, ದನದ ಕಾಲಡಿಗೆ ಸೊಪ್ಪು ಬೇಕು. ಹಾಗಾಗಿ ಪ್ರತಿ ಬೈಲಿನ ಮೇಲೂ ಒಂದು ಸೊಪ್ಪಿನ ಗುಡ್ಡೆ ಇರಲೇಬೇಕಾಗಿತ್ತು. ಅದನ್ನು ಕಾಡು ಎಂದು ಯಾರೂ ಕರೆಯಲಿಲ್ಲ, ತೋಟವೆಂದೂ ಕರೆಯಲಿಲ್ಲ.

ಊರಿನ ಮಕ್ಕಳು ಬೆಳೆದದ್ದು ಅಲ್ಲಿ. ದನ ಅಟ್ಟಿಕೊಂಡು ಹೋದವರು, ತರಗೆಲೆ ಗುಡಿಸಲು ಹೋದವರು, ಶಾಲೆಗೆಂದು ಹೊರಟು ಒಳದಾರಿ ಹಿಡಿದವರು. ಮಾರ್ಚಿನಿಂದ ಮೇವರೆಗೆ ಆ ಗುಡ್ಡೆಯಲ್ಲಿ ಹಸಿದು ಬಂದವರಿರಲಿಲ್ಲ: ಕೇಪಳ, ಕುಂಟಾಲ, ಪುನರ್ಪುಳಿ, ಹೆಬ್ಬಲಸು, ಗಾಳಿಗೆ ಉದುರುವ ಕಾಟುಮಾವು. ಯಾವ ಮರದ ಮಾವಿನ ಸೊನೆ ಸುಡುತ್ತದೆ, ಯಾವ ಮಾವು ಗೊಜ್ಜಿಗೆ ಆಗುತ್ತದೆ ಎಂಬುದು ಮಗ್ಗಿಗಿಂತ ಮೊದಲು ಬಾಯಿಪಾಠ. ಮಳೆ ಬಿಟ್ಟ ಮೇಲೆ ತೋಡಿಗೆ ಕಲ್ಲು, ಮಣ್ಣು, ಸೊಪ್ಪು ತುಂಬಿ ಕಟ್ಟ ಹಾಕುತ್ತಿದ್ದರು. ತೋಟಕ್ಕೆ ನೀರು ಹಾಯಿಸಲು ಹಾಕಿದ ಆ ಕಟ್ಟವೇ ಮಕ್ಕಳಿಗೆ ಈಜು ಕಲಿಸಿತು, ಕಲ್ಲಿನ ಸಂದಿಗೆ ಕೈ ಹಾಕಿ ಏಡಿ ಹಿಡಿಯುವುದನ್ನೂ ಕಲಿಸಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ಗೋಡೆಯಿಂದ ಹೊರಗೆ ತರಲು ಪಟ್ಟ ಪ್ರಯತ್ನ ದೊಡ್ಡದು. ಇಲ್ಲಿ ಆ ಕೆಲಸವನ್ನು ಹಟ್ಟಿಯ ದನವೇ ಮಾಡುತ್ತಿತ್ತು.

ಆ ಬಾಲ್ಯ ಸುಖದ್ದೇ ಎಂದು ಹೇಳುವವರು ಮಳೆಗಾಲವನ್ನು ಮರೆತಿರುತ್ತಾರೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಅಡಿಕೆ ಮರದ ಸಂಕದ ಮೇಲೆ ಶಾಲೆಗೆ ಹೋಗುವುದು ತಾಯಂದಿರಿಗೆ ದಿನವೂ ಭಯ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಇದೇ ಪಯಸ್ವಿನಿಗೆ ಅರಂಬೂರಿನಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಂಕದ ಜಾಗಕ್ಕೆ ಸೇತುವೆ ಬಂದದ್ದನ್ನು ನಷ್ಟದ ಲೆಕ್ಕಕ್ಕೆ ಬರೆಯುವುದು ಕೃತಘ್ನತೆ.

ಗುಡ್ಡೆಯ ಆ ಬಾಲ್ಯ ಕಳೆದುಹೋದ ನಷ್ಟ ಬೇರೆ ಕಡೆಯಿಂದ ಬಂತು, ಅದೂ ಹಸಿರು ಬಣ್ಣದಲ್ಲೇ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಲೋನಿನಿಂದ ಮರಳಿದ ತಮಿಳರಿಗೆ ಸುಳ್ಯ, ಪುತ್ತೂರು ಭಾಗದ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಅವರ ಮಕ್ಕಳಿಗೆ ರಬ್ಬರ್ ನೆರಳೇ ಬಾಲ್ಯ. ಅದನ್ನು ಹಳಿಯುವ ಹಕ್ಕು ನಮಗಿಲ್ಲ. ಆದರೆ ಮುಂದೆ ರೈತರೂ ತಮ್ಮ ಗುಡ್ಡೆಗಳಿಗೆ ರಬ್ಬರ್ ಹಾಕಿದರು. ಅದಕ್ಕೂ ಕಾರಣವಿತ್ತು. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡಿದ್ದ ಅಡಿಕೆಯ ಹಳದಿ ಎಲೆ ರೋಗ ಸಂಪಾಜೆ, ಅರಂತೋಡು, ತೊಡಿಕಾನದ ತೋಟಗಳನ್ನು ಹಿಡಿಯಿತು. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗಕ್ಕೆ ಮದ್ದಿಲ್ಲ. ರೋಗದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಹುಡುಕಿ ತಳಿ ಮಾಡಲು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ. ತೋಟ ಹೋದವನು ಗುಡ್ಡೆಯನ್ನು ಸೊಪ್ಪಿಗೆಂದು ಬಿಟ್ಟು ಕೂರಲಾರ. ರಬ್ಬರ್ ಬಂತು, ಬೇಲಿ ಬಂತು, ಹಟ್ಟಿ ಖಾಲಿಯಾಯಿತು, ಕೊಳವೆಬಾವಿ ಬಂದ ಮೇಲೆ ಕಟ್ಟ ಹಾಕುವವರೂ ಕಡಿಮೆಯಾದರು. ಮೇಲಿನಿಂದ ಫೋಟೊ ತೆಗೆದರೆ ಊರು ಇಂದಿಗೂ ಹಸಿರೇ. ಕೆಳಗೆ ಮಗು ಕೈ ಚಾಚಿದರೆ ಹಣ್ಣಿಲ್ಲ, ಚಿರಟೆಯಲ್ಲಿ ಹಾಲಿದೆ.

ಈಚೆಗೆ ಗುಡ್ಡ, ಹೊಳೆ ಎಂದರೆ ಭಯದ ಸುದ್ದಿಯೇ ಹೆಚ್ಚು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು, ಮನೆ ಬಿಟ್ಟು ಓಡಿದವರು ಕಲ್ಲುಗುಂಡಿ, ಸಂಪಾಜೆ, ಅರಂತೋಡಿನ ಪರಿಹಾರ ಕೇಂದ್ರಗಳಿಗೆ ಬಂದರು. 2022ರ ಜೂನಿನಲ್ಲಿ ಚೆಂಬು, ಸಂಪಾಜೆ ಸುತ್ತ ಭೂಮಿ ನಡುಗಿತು. ಆಗಸ್ಟಿನಲ್ಲಿ ಪಯಸ್ವಿನಿ ಕಲ್ಲುಗುಂಡಿ ಪೇಟೆಗೇ ನುಗ್ಗಿತು. ಈಗಿನ ಮಕ್ಕಳು ಹೊಳೆಯನ್ನು ಮೊದಲು ನೋಡಿದ್ದು ಅದರ ಸಿಟ್ಟಿನಲ್ಲಿ, ಅದೂ ಮೊಬೈಲಿನ ವಿಡಿಯೊದಲ್ಲಿ. ಹೊಳೆಗೆ ಇಳಿಯಬೇಡ ಎನ್ನುವ ಅಪ್ಪ ತಾನು ಅಲ್ಲೇ ಈಜು ಕಲಿತವನು; ಅವನನ್ನು ಬೈಯುವುದೂ ಕಷ್ಟ.

ಕುಮ್ಕಿಯನ್ನು ರೈತರ ಹೆಸರಿಗೆ ಮಾಡಿಕೊಡಬೇಕೆಂಬ ಬೇಡಿಕೆ ಜಿಲ್ಲೆಯಲ್ಲಿ ಹಳೆಯದು, ನ್ಯಾಯದ್ದೂ ಹೌದು. ಹೆಸರಿಗೆ ಬಂದ ದಿನ ಪೂರ್ತಿ ಗುಡ್ಡೆಗೆ ಜೆಸಿಬಿ ಹತ್ತಿಸಬೇಡಿ. ತೋಡಿನ ಬದಿಯ ಒಂದಷ್ಟು ಸೆಂಟ್ಸ್ ಜಾಗವನ್ನು ಕಾಟುಮಾವು, ಪುನರ್ಪುಳಿ, ಕುಂಟಾಲಕ್ಕೆಂದು ಹಾಗೇ ಬಿಡಿ. ಬೇಲಿ ಹಾಕುವುದಾದರೆ ಮಕ್ಕಳು ನುಸುಳುವಷ್ಟು ಒಂದು ತಡಮೆಯನ್ನೂ ಇಡಿ.